ಮೂರೂರಿನ ಒಂದೇ ಬೇಸ್ ಗಿಟಾರ್

ನನ್ನ ಮೈದುನನಷ್ಟು ಸಲ ಬೇಸ್ ಗಿಟಾರ್ ಕೊಂಡವರೂ ಮಾರಿದವರೂ ವಿಜಾಪುರ ಜಿಲ್ಲೆಯಲ್ಲಿ ಇನ್ನೊಬ್ಬರಿರಲಿಲ್ಲ. ಎಪ್ಪತ್ತರ ದಶಕದ ಆ ಏಳೆಂಟು ವರ್ಷಗಳಲ್ಲಿ ಅವನು ಐದು ಸಲ ಕೊಂಡ, ನಾಲ್ಕು ಸಲ ಮಾರಿದ. ಇಷ್ಟು ಕೇಳಿ ಅವನೊಬ್ಬ ದೊಡ್ಡ ವ್ಯಾಪಾರಿ ಎಂದು ನೀವು ತಿಳಿದುಕೊಂಡರೆ ತಪ್ಪು ನನ್ನದು. ಒಂದು ಮಾತು ಹೇಳುವುದನ್ನು ಬಿಟ್ಟೆ. ಅವನು ಕೊಂಡದ್ದೂ ಮಾರಿದ್ದೂ ಒಂದೇ ಗಿಟಾರ್!

ನಾನು ಭೂತನಾಳದಿಂದ ಮದುವೆಯಾಗಿ ವಿಜಾಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಗೆ ಬಂದಾಗ ಅವನಿಗೆ ಇಪ್ಪತ್ತೆರಡು, ನನಗೆ ಹತ್ತೊಂಬತ್ತು. ಗುಡಿಯ ಹತ್ತಿರದ ಬಟ್ಟೆ ಅಂಗಡಿಯಲ್ಲಿ ಗಜ ಹಿಡಿದು ಅಳೆಯುವ ಕೆಲಸ ಅವನದು. ಅಂಗಡಿಯ ಮಾಲಕರು ಒಮ್ಮೆ ಅವನನ್ನು ಚಾದರ ತರಲು ಸೊಲ್ಲಾಪುರಕ್ಕೆ ಕಳಿಸಿದ್ದರಂತೆ. ಅಲ್ಲಿ ಯಾರದೋ ಮದುವೆಯಲ್ಲಿ ಆರ್ಕೆಸ್ಟ್ರಾ ನಡೆದಿತ್ತು. ಜನರೆಲ್ಲ ಹಾಡುವವನನ್ನು ನೋಡುತ್ತಿದ್ದರೆ ಇವನು ಮಾತ್ರ ಹಿಂದೆ ಕಂಬದ ಹಾಗೆ ನಿಂತು ದಪ್ಪ ತಂತಿ ಎಳೆಯುತ್ತಿದ್ದವನನ್ನು ನೋಡುತ್ತ ಕೂತ. ಆ ಮನುಷ್ಯ ಊರು ಬಿಟ್ಟು ಮುಂಬಯಿಗೆ ಹೊರಟಿದ್ದ. ವಾದ್ಯ ಮಾರುವವನಿದ್ದ. ಮುಂದೇನಾಯಿತು ಎಂದು ಬಿಡಿಸಿ ಹೇಳಬೇಕೆ? ಚಾದರದ ಗಂಟಿನ ನಡುವೆ ಗಿಟಾರ್ ಸುತ್ತಿಕೊಂಡು ರೈಲಿನಲ್ಲಿ ವಿಜಾಪುರಕ್ಕೆ ಬಂದಿಳಿದ. ಅದು ಮೊದಲನೆಯ ಖರೀದಿ.

ಮದುವೆಯಾಗಿ ನಾಲ್ಕೈದು ದಿನ ಆಗಿರಬೇಕು. ಅವನು ಅದನ್ನು ನನ್ನ ಮುಂದೆ ತಂದಿಟ್ಟು ಹೇಗಿದೆ ಎಂದು ಕೇಳಿದ. ಹೊಸ ಸೊಸೆ ನಾನು, ಏನು ಹೇಳಲಿ? ಹಾಳೆಯಲ್ಲಿ ಅಚ್ಚಾದ ಚಿತ್ರಗಳಲ್ಲಿ ಗಿಟಾರ್ ನೋಡಿದ್ದೆ. ಆರು ತಂತಿ ಇರುತ್ತವೆ ಎಂದು ಗೊತ್ತಿತ್ತು. ಎಣಿಸಿ ನೋಡಿ, "ಎರಡು ತಂತಿ ಕಡಿಮಿ ಅದಾವಲ್ರಿ" ಅಂದೆ. ಮೋಸ ಹೋಗಿದ್ದಾನೆ, ಪಾಪ, ಎಂಬ ಮರುಕ ನನ್ನ ದನಿಯಲ್ಲಿತ್ತು.

ಅವನಿಗೆ ಸಿಟ್ಟು ಬರಲಿಲ್ಲ. ಬದಲಿಗೆ ನನ್ನನ್ನು ಒಂದು ತಾಸು ಕೂಡಿಸಿಕೊಂಡು ಪಾಠ ಹೇಳಿದ. ಹಾಡು ಎಂದರೆ ಮನೆ, ಬೇಸ್ ಎಂದರೆ ಅದರ ಬುನಾದಿ; ಬುನಾದಿ ಯಾರ ಕಣ್ಣಿಗೂ ಬೀಳುವುದಿಲ್ಲ, ಆದರೆ ಅದಿಲ್ಲದೆ ಮನೆ ನಿಲ್ಲುವುದಿಲ್ಲ ಎಂದ. ಮೂಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ನಮ್ಮ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, ಮೊರದಿಂದ ತಲೆ ಎತ್ತದೆ ಕೇಳಿದರು: "ಮನಿ ಎಲ್ಲೈತಪಾ ಮತ್ತ?"

ಅತ್ತೆ ಕೇಳಿದ್ದು ಸರಿಯಾಗಿಯೇ ಇತ್ತು. ಯಾಕೆಂದರೆ ಅವನಿಗೆ ಆರ್ಕೆಸ್ಟ್ರಾ ಇರಲಿಲ್ಲ. ಹಾಡುವವರಿರಲಿಲ್ಲ. ಢೋಲಕದವನಿರಲಿಲ್ಲ. ಎರಡು ವರ್ಷ ಹುಡುಕಿ ಹುಡುಕಿ ಅವನು ಸುತ್ತಲಿನ ಊರುಗಳಿಂದ ಗಳಿಸಿದ ಜೊತೆಗಾರರು ಇಬ್ಬರೇ. ಆ ಇಬ್ಬರಿಗೂ ನುಡಿಸಬೇಕಾಗಿದ್ದದ್ದು ಬೇಸ್ ಗಿಟಾರೇ!

ಒಬ್ಬ ಟಿಕೋಟಾದ ಇಮಾಮಸಾಬ. ರೇಡಿಯೋ ರಿಪೇರಿ ಮಾಡುತ್ತಿದ್ದ, ಮದುವೆ ಮುಂಜಿವೆಗಳಿಗೆ ಮೈಕ್ ಸೆಟ್ ಕೊಡುತ್ತಿದ್ದ. ತೆಳ್ಳಗಿನ ಆಳು, ಅವಸರದ ಮಾತು. ಇನ್ನೊಬ್ಬ ಬಬಲೇಶ್ವರದ ಮಲ್ಲಪ್ಪ. ನಲವತ್ತು ದಾಟಿದ ಒಕ್ಕಲಿಗ. ಭಜನಿ ಮೇಳದಲ್ಲಿ ತಾಳ ಬಾರಿಸುತ್ತಿದ್ದವನು ಒಂದು ಸಂತೆಯ ದಿನ ನಮ್ಮ ಮನೆಯಲ್ಲಿ ಆ ದಪ್ಪ ತಂತಿಯ ಸದ್ದು ಕೇಳಿ, ತಾಳ ಬಿಟ್ಟು ಇದಕ್ಕೆ ಮರುಳಾದ. ಮಾತು ಕಡಿಮೆ. ಹೂಂ ಎನ್ನಬೇಕಾದರೂ ಒಮ್ಮೆ ಹೊರಗೆ ನೋಡಿ, ಆಕಾಶವನ್ನು ವಿಚಾರಿಸಿ, ಆಮೇಲೆ ಅನ್ನುವವನು.

ಮೂರು ಮಂದಿ, ಒಂದು ವಾದ್ಯ. ಬೇಕಾದವರು ಒಯ್ದು ನುಡಿಸಿ ತಂದು ಕೊಡಬಹುದಿತ್ತಲ್ಲ ಎಂದು ನಿಮಗೆ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಆದರೆ ನನ್ನ ಮೈದುನನ ಸಿದ್ಧಾಂತವೇ ಬೇರೆ. ಎರವಲು ತಂದ ವಾದ್ಯವನ್ನು ಯಾರೂ ಒರೆಸಿ ಇಡುವುದಿಲ್ಲ, ತನ್ನದಾದರೆ ಮಾತ್ರ ಒರೆಸುತ್ತಾರೆ. ಆದ್ದರಿಂದ ಯಾರಿಗೆ ಬೇಕೋ ಅವರು ಖರೀದಿ ಮಾಡಬೇಕು! ಹೀಗೆ ಇಮಾಮಸಾಬನಿಗೆ ಅದು ಬೇಕಾದಾಗ ಮಾರಾಟವಾಗಿ ಟಿಕೋಟಾಕ್ಕೆ ಹೋಗುತ್ತಿತ್ತು. ಆರೇಳು ತಿಂಗಳಿಗೆ ಇವನ ಕೈ ತುರಿಸಿ ಮತ್ತೆ ಕೊಂಡು ತರುತ್ತಿದ್ದ. ಮುಂದಿನ ವರ್ಷ ಬಬಲೇಶ್ವರಕ್ಕೆ. ಟಿಕೋಟಾಕ್ಕೆ ಹೋದಾಗ ಬದಲಿಗೆ ಒಂದು ರೇಡಿಯೋ ಬಂತು, ವಾಪಸು ಕೊಳ್ಳುವಾಗ ಅದೇ ರೇಡಿಯೋ ಹೊರಟುಹೋಯಿತು. ಬಬಲೇಶ್ವರದಿಂದ ಎರಡು ಚೀಲ ಜೋಳ ಬಂದವು. ವಾಪಸು ಕೊಳ್ಳುವ ಹೊತ್ತಿಗೆ ಜೋಳವನ್ನು ನಾವು ತಿಂದು ಮುಗಿಸಿದ್ದೆವು. ಏನು ಮಾಡುವುದೆಂದು ತಿಳಿಯದೆ ಅತ್ತೆ ಮಲ್ಲಪ್ಪನನ್ನು ಕೂಡಿಸಿ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ ಬಡಿಸಿದರು. ಅವನು ಆಕಾಶ ನೋಡಿ, ವ್ಯವಹಾರ ಬರೋಬರಿ ಆಯಿತು ಎಂದ.

ಈ ವ್ಯಾಪಾರದ ಮಾತುಕತೆ ನಡೆಯುತ್ತಿದ್ದದ್ದು ನಮ್ಮ ಪಡಸಾಲೆಯಲ್ಲಿ, ಸಂತೆಯ ದಿನ. ಲೋಕದಲ್ಲೆಲ್ಲ ಮಾರುವವನು ಮಾಲನ್ನು ಹೊಗಳುತ್ತಾನೆ, ಕೊಳ್ಳುವವನು ಕೊಂಕು ತೆಗೆಯುತ್ತಾನೆ. ಇವರಲ್ಲಿ ಎಲ್ಲ ತಿರುವುಮುರುವು. ಕೊಡುವ ಮನಸ್ಸು ಯಾರಿಗೂ ಇರುತ್ತಿರಲಿಲ್ಲವಾದ್ದರಿಂದ ಮಾರುವವನೇ ಅದರ ದೋಷಗಳನ್ನು ಒಂದೊಂದಾಗಿ ಹೇಳುವನು: ಕತ್ತು ಸ್ವಲ್ಪ ಬಾಗಿದೆ, ತಂತಿ ಬಿಗಿಯುವ ಕಿವಿಯೊಂದು ಸಡಿಲ, ಬಿಸಿಲಿಗೆ ಶ್ರುತಿ ಇಳಿಯುತ್ತದೆ. ಕೊಳ್ಳುವವನು ಬಿಡದೆ, ಇಂಥ ವಾದ್ಯ ಮುಂಬಯಿಯಲ್ಲೂ ಸಿಗುವುದಿಲ್ಲ ಎಂದು ಹೊಗಳುವನು. ಒಮ್ಮೆ ಕೊಳ್ಳಲು ಬಂದ ಇಮಾಮಸಾಬ ಹೊಗಳಿ ಹೊಗಳಿ ಅದರ ಬೆಲೆಯನ್ನು ಎಲ್ಲಿಗೆ ಏರಿಸಿದನೆಂದರೆ, ಕೊನೆಗೆ ಅವನಿಗೇ ಕೊಳ್ಳುವುದಾಗದೆ ಚಹಾ ಕುಡಿದು ಹೋದ.

ಇನ್ನು ತಂತಿಯ ಕಥೆ. ಎಲ್ಲಕ್ಕಿಂತ ದಪ್ಪನೆಯ ತಂತಿ ಒಂದು ಬೇಸಿಗೆಯಲ್ಲಿ ಕಡಿಯಿತು. ಸೊಲ್ಲಾಪುರದಲ್ಲಿ ವಿಚಾರಿಸಿದರೂ ಸಿಗಲಿಲ್ಲ. ಇಮಾಮಸಾಬ ಸೈಕಲ್ಲಿನ ಬ್ರೇಕ್ ವಾಯರ್ ತಂದು ಬಿಗಿದ. ಸದ್ದು ಬಂತು, ಇಲ್ಲವೆನ್ನಲಾರೆ. ಎಣ್ಣೆ ಕಾಣದ ಬಾವಿಯ ರಾಟೆ ತಿರುಗಿಸಿದರೆ ಬರುವ ಸದ್ದು. ನನ್ನ ಮೈದುನ ಕಣ್ಣು ಮುಚ್ಚಿ ಕೇಳಿ, ಇದರಲ್ಲಿ ಒಂದು ಗುಣವಿದೆ ಎಂದ. ಗುಣ ಏನೆಂದು ನನಗೆ ತಿಳಿದದ್ದು ಮರುದಿನ, ನನ್ನ ಗಂಡ ಕೆಲಸಕ್ಕೆ ಹೊರಟು ಇಳುಕಲಿನಲ್ಲಿ ಸೈಕಲ್ ನಿಲ್ಲಿಸಲು ಹೋದಾಗ. ಆ ವಾಯರ್ ನಮ್ಮ ಮನೆಯ ಸೈಕಲ್ಲಿನದೇ ಆಗಿತ್ತು! ಮೊಣಕಾಲು ತರಚಿಸಿಕೊಂಡು ಮನೆಗೆ ಬಂದ ಅಣ್ಣನಿಗೆ ತಮ್ಮ ಅರಿಶಿಣ ಹಚ್ಚಿದ. ಹಚ್ಚುತ್ತ ಹಚ್ಚುತ್ತ, ಹಿಂದಿನ ಬ್ರೇಕ್ ಇನ್ನೂ ಇದೆಯಲ್ಲ ಎಂದು ಸಮಾಧಾನ ಹೇಳಿದ.

ಆದರೆ ಹಗೇವಿನ ಪ್ರಸಂಗದ ಮುಂದೆ ಇದೆಲ್ಲ ಏನೂ ಅಲ್ಲ. ಬೇಸ್ ಗಿಟಾರು ತಾನಾಗಿ ದೊಡ್ಡ ಸದ್ದು ಮಾಡುವುದಿಲ್ಲ, ಅದಕ್ಕೊಂದು ಆಂಪ್ಲಿಫಯರ್ ಬೇಕು, ದೊಡ್ಡ ಸ್ಪೀಕರ್ ಬೇಕು. ಇಮಾಮಸಾಬನ ಮೈಕ್ ಸೆಟ್ಟಿನ ಕಹಳೆಗೆ ಜೋಡಿಸಿದರೆ ಶೀತವಾದ ಎಮ್ಮೆ ಒದರಿದಂತೆ ಕೇಳುತ್ತಿತ್ತು. ದಪ್ಪ ಸದ್ದಿಗೆ ದೊಡ್ಡ ಪೊಳ್ಳು ಜಾಗ ಬೇಕು ಎಂದು ಮೂವರೂ ಚರ್ಚೆ ಮಾಡಿದರು. ಮೊದಲು ಕಪಾಟು, ಆಮೇಲೆ ನೀರಿನ ದೊಡ್ಡ ಹರವಿ, ಆಮೇಲೆ ನಮ್ಮ ಅತ್ತೆಯ ತವರಿನ ಪೆಟ್ಟಿಗೆ. ಪೆಟ್ಟಿಗೆಯ ಹತ್ತಿರ ಅತ್ತೆ ಬಂದು ಕೂತರು, ಏಳಲಿಲ್ಲ. ಆಗ ಮಲ್ಲಪ್ಪ ಹೊರಗೆ ನೋಡಿ, "ನಮ್ಮ ಹಗೇವು ಖಾಲಿ ಐತಿ" ಅಂದ.

ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ಆಳವಾಗಿ ತೋಡಿದ ಕಣಜ. ಗಿಟಾರ್ ಆಗ ಮಲ್ಲಪ್ಪ ಕೊಂಡದ್ದಾಗಿತ್ತು. ಮೂವರೂ ಒಂದು ಮಧ್ಯಾಹ್ನ ಬಬಲೇಶ್ವರಕ್ಕೆ ಹೋಗಿ, ಹಗ್ಗ ಕಟ್ಟಿ, ರೇಡಿಯೋದಿಂದ ಕಳಚಿದ ಸ್ಪೀಕರನ್ನು ಅದರೊಳಗೆ ಇಳಿಬಿಟ್ಟರಂತೆ. ನನ್ನ ಮೈದುನ ದಪ್ಪ ತಂತಿಯನ್ನು ಒಂದೇ ಸಲ ಎಳೆದ. ಸದ್ದು ಮೇಲೆ ಬರಲಿಲ್ಲ, ನೆಲದೊಳಗೇ ಹರಿಯಿತು. ಪಕ್ಕದ ಮನೆಯ ಗೂಡಿನಲ್ಲಿದ್ದ ಪಾತ್ರೆಗಳು ಗಿಲಗಿಲ ಅಂದವು. ಎತ್ತುಗಳು ಎದ್ದು ನಿಂತವು. ಆಚೆ ಮನೆಯ ಮುದುಕಿ ಭೂಮಿ ನಡುಗಿತೆಂದು ಬಗಲಲ್ಲಿ ಕೋಳಿ ಹಿಡಿದುಕೊಂಡು ಬೀದಿಗೆ ಬಂದಳು. ಊರ ಹಿರಿಯರು ಸೇರಿದರು. ಮಲ್ಲಪ್ಪನನ್ನು ಏನೆಂದು ಕೇಳಿದರು. ಅವನು ಆಕಾಶ ನೋಡಲಿಲ್ಲ, ಹಗೇವು ನೋಡಿದ. "ಬುನಾದಿ ಹಾಕಾಕತ್ತೇವ್ರಿ" ಅಂದ.

ಹಗೇವಿನಲ್ಲಿ ಭಜನಿ ಮಾಡಬಾರದೆಂದು ಹಿರಿಯರು ಕಟ್ಟು ಮಾಡಿದ ಮೇಲೆ ಗಿಟಾರ್ ಮತ್ತೆ ನಮ್ಮ ಮನೆಗೆ ಬಂತು. ಅದು ಐದನೆಯ ಖರೀದಿ.

ಆ ವರ್ಷ ನಾನು ಬಸುರಿ. ಹೆರಿಗೆಗೆ ಭೂತನಾಳಕ್ಕೆ ಹೋದೆ. ಹೆಣ್ಣು ಮಗು ಹುಟ್ಟಿತು, ಮೂರನೆಯ ದಿನ ಹೋಯಿತು. ಎರಡು ತಿಂಗಳು ಅಲ್ಲಿದ್ದು ಬರಿಗೈಯಲ್ಲಿ ಗುಡಿಯ ಹಿಂದಿನ ಓಣಿಗೆ ತಿರುಗಿ ಬಂದೆ.

ಮನೆಯವರು ಯಾರೂ ಕೆಟ್ಟದಾಗಿ ನಡೆದುಕೊಳ್ಳಲಿಲ್ಲ. ಅತ್ತೆ ನನಗೆ ಒಂದು ಕೆಲಸವನ್ನೂ ಹೇಳುತ್ತಿರಲಿಲ್ಲ. ನನ್ನ ಗಂಡ ಬಾಗಿಲಿಗೆ ಬಂದು, ಏನೋ ಹೇಳಬೇಕೆಂದು ನಿಂತು, ಹೇಳದೆ ಹೋಗುತ್ತಿದ್ದರು. ಓಣಿಯ ಹೆಂಗಸರು ಬಂದರೆ ನನ್ನೆದುರು ದನಿ ಇಳಿಸುತ್ತಿದ್ದರು. ನಾನು ಒಳಕೋಣೆಯ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದೆ. ಮಾತು ಬಿಟ್ಟೆನೆಂದು ನಾನು ಅಂದುಕೊಂಡಿರಲಿಲ್ಲ. ಆಡಲು ಏನೂ ಇರಲಿಲ್ಲ, ಅಷ್ಟೇ. ಮೈದುನ ಗಿಟಾರನ್ನು ಚಾದರದಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದ. ಮುಟ್ಟುತ್ತಿರಲಿಲ್ಲ.

ಒಂದು ಸಂತೆಯ ದಿನ ಮಧ್ಯಾಹ್ನ ಪಡಸಾಲೆಯಲ್ಲಿ ಸದ್ದಾಯಿತು. ಇಮಾಮಸಾಬ, ಮಲ್ಲಪ್ಪ ಇಬ್ಬರೂ ಬಂದಿದ್ದರು. ನನ್ನ ಕೋಣೆಯ ಬಾಗಿಲಿಗೆ ಹತ್ತಿರವಾಗಿಯೇ ಕೂತರು. ಸೊಲ್ಲಾಪುರದಲ್ಲಿ ಯಾರೋ ಹೊಸ ಗಿಟಾರ್ ಮಾರುತ್ತಿದ್ದಾರೆ, ಹಳೆಯದನ್ನು ಕೊಟ್ಟರೆ ಬದಲಿಗೆ ಅದನ್ನು ಕೊಡುತ್ತಾರೆ ಎಂದು ಇಮಾಮಸಾಬ ಹೇಳಿದ. ಕೊಡಬೇಕು ಎಂದು ಅವನ ವಾದ. ಕೊಡಬಾರದು ಎಂದು ನನ್ನ ಮೈದುನನದು. ಹಳೆಯದರ ಕತ್ತು ಬಾಗಿದೆ ಎಂದು ಅವನು, ಬಾಗಿದ ಕತ್ತಿಗೆ ಕೈ ಒಗ್ಗಿದೆ ಎಂದು ಇವನು. ಹೊಸದರ ಕಟ್ಟಿಗೆ ಎಂಥದು, ಕಿವಿಗಳು ಎಲ್ಲಿಯವು, ತಂತಿ ದಪ್ಪವೋ ತೆಳುವೋ, ಅಬ್ಬಾ, ಒಂದು ತಾಸು ನಡೆಯಿತು. ಮಲ್ಲಪ್ಪನನ್ನು ಕೇಳಿದರೆ ಅವನು ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ.

ಗೋಡೆಗೆ ಮುಖ ಮಾಡಿ ಮಲಗಿದ್ದವಳಿಗೆ ಬೇಡವೆಂದರೂ ಎಲ್ಲ ಕೇಳಿಸುತ್ತಿತ್ತು. ಮೊದಮೊದಲು ಕಿರಿಕಿರಿಯಾಯಿತು. ಆಮೇಲೆ ಇಮಾಮಸಾಬ ಒಂದೇ ಮಾತನ್ನು ನಾಲ್ಕು ಸಲ ಹೇಳುತ್ತಿದ್ದಾನಲ್ಲ ಅನ್ನಿಸಿತು. ಆಮೇಲೆ ಮೈದುನ ಸರಿಯಾದ ಉತ್ತರ ಕೊಡುತ್ತಿಲ್ಲವಲ್ಲ ಅನ್ನಿಸಿತು. ಅಷ್ಟರಲ್ಲಿ ಮಲ್ಲಪ್ಪ, "ನೀವಿಬ್ಬರೂ ಸುಮ್ಮಕುಂದರ್ರಿ. ವೈನಿಗೆ ಕೇಳೂಣು" ಅಂದ.

ವೈನಿ ಎಂದರೆ ಅತ್ತಿಗೆ, ಅಂದರೆ ನಾನು. ಬಾಗಿಲ ಹತ್ತಿರ ಬಂದು ಮೈದುನ ಕೇಳಿದ: "ನೀವು ಹೇಳ್ರಿ ವೈನಿ. ಇಟ್ಕೊಳ್ಳೂದೋ, ಕೊಡೂದೋ?"

ತಿರುಗಿ ಬಂದಾಗಿನಿಂದ ಯಾರೂ ನನ್ನನ್ನು ಏನನ್ನೂ ಕೇಳಿರಲಿಲ್ಲ. ಎದ್ದು ಕೂತೆ. ತಲೆಯ ಮೇಲೆ ಸೆರಗು ಎಳೆದುಕೊಂಡು ಬಾಗಿಲಿಗೆ ಬಂದೆ. ಮೂವರೂ ನನ್ನ ಮುಖ ನೋಡುತ್ತಿದ್ದರು, ತೀರ್ಪಿಗೆ ಕಾದವರ ಹಾಗೆ.

"ಕೈಯಾಗಿಂದು ಕೊಡಬ್ಯಾಡ್ರಿ," ಅಂದೆ. ಅಷ್ಟು ಹೇಳುವುದರೊಳಗೆ ದನಿ ಒಡೆಯಿತು. ಅಲ್ಲೇ ಚೌಕಟ್ಟು ಹಿಡಿದುಕೊಂಡು ಅತ್ತುಬಿಟ್ಟೆ. ಭೂತನಾಳದಲ್ಲಿ ಅಳದೆ ಉಳಿದದ್ದನ್ನೆಲ್ಲ ಅತ್ತೆ. ಆ ಗಂಡಸರು ಮೂವರೂ ಎದ್ದು ಹೋಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ತಲೆ ತಗ್ಗಿಸಿ ಕೂತಿದ್ದರು. ನನ್ನ ಅಳು ಮುಗಿದ ಮೇಲೆ ಇಮಾಮಸಾಬ ಮೆಲ್ಲಗೆ, "ಆತ್ರಿ ವೈನಿ, ಕೊಡಂಗಿಲ್ಲ" ಅಂದ. ನಾನು ಕಣ್ಣೊರೆಸಿಕೊಂಡು ಚಹಾಕ್ಕೆ ನೀರಿಡಲು ಹೋದೆ.

ಸೊಲ್ಲಾಪುರದಲ್ಲಿ ಅಂಥ ಗಿಟಾರ್ ಯಾರಲ್ಲೂ ಇರಲಿಲ್ಲ. ಅದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ತನ್ನ ಮಗನ ಮದುವೆಗೆ ಕರೆಯಲು ಬಂದ ಇಮಾಮಸಾಬನಿಂದ. ಆ ಸಂತೆಯ ಹಿಂದಿನ ದಿನ ನನ್ನ ಮೈದುನ ಅಂಗಡಿಗೆ ರಜೆ ಹಾಕಿ, ಮೊದಲು ಟಿಕೋಟಾಕ್ಕೆ, ಅಲ್ಲಿಂದ ತಿರುಗಿ ಬಂದು ಇನ್ನೊಂದು ಬಸ್ಸು ಹಿಡಿದು ಬಬಲೇಶ್ವರಕ್ಕೆ ಹೋಗಿದ್ದನಂತೆ. ಇಬ್ಬರಿಗೂ ಹೇಳಿದ್ದು ಇಷ್ಟೇ ಅಂತೆ:

"ನಮ್ಮ ವೈನಿ ಮಾತು ಬಿಟ್ಟಾರ. ನನಗ ಬರೂ ಮಾತು ಇದೊಂದ. ನೀವಿಬ್ಬರೂ ಬರ್ರಿ, ಅವರ ಬಾಗಿಲಾಗ ಕುಂತು ಮಾತಾಡೂಣು."