ತಾತ್ಕಾಲಿಕ ಎರಡು

ನೀರು ಸರಬರಾಜು ಕಚೇರಿಯು ಸಾರ್ವಜನಿಕರ ಅನುಕೂಲಕ್ಕಾಗಿ ರಿಪ್ಲೆ... ರಿಫ್ಲೆಕ್... ಅದೇನೋ ಒಂದನ್ನು ಜಾರಿಗೆ ತಂದಿದೆ. ಪ್ರೋಗ್ರಾಂ ಬರೆಯುವ ಕೆಲಸದಲ್ಲಿರುವ ನನ್ನ ಮೊಮ್ಮಗಳು "ರಿಫ್ಲೆಕ್ಷನ್ ಅಜ್ಜಿ, ರಿಫ್ಲೆಕ್ಷನ್" ಎಂದು ಎಷ್ಟು ಸಲ ಹೇಳಿದರೂ ನಾಲಿಗೆಗೆ ಹತ್ತುವುದಿಲ್ಲ. ಪ್ರೋಗ್ರಾಂ ತಯಾರಾಗುವ ಹೊತ್ತಿನಲ್ಲೇ, ತನ್ನ ಹೊಟ್ಟೆಯೊಳಗಿನ ಖಾನೆಗಳಿಗೆ ಬರೆದವರು ಏನೇನು ಹೆಸರಿಟ್ಟಿದ್ದಾರೆಂದು ತಾನೇ ಓದಿಕೊಂಡು, ಅದನ್ನೇ ಅರ್ಜಿಯ ಮೇಲೆ ಅಚ್ಚು ಹಾಕುವ ವಿದ್ಯೆ ಅದು. ಹಿಂದೆ ಗುಮಾಸ್ತರು ಕೈಯಾರೆ ಟೈಪು ಮಾಡುತ್ತಿದ್ದರು, ತಪ್ಪಾಗುತ್ತಿತ್ತು. ಈಗ ತಪ್ಪಾಗುವುದಿಲ್ಲ.

ಆದ್ದರಿಂದ ನಲ್ಲಿಯ ಅರ್ಜಿಯಲ್ಲಿ ಹೆಸರು, ವಿಳಾಸ, ಮಹಡಿ ಮತ್ತು 'ತಾತ್ಕಾಲಿಕ ಎರಡು' ಎಂಬ ಖಾನೆಗಳಿವೆ.

ನನ್ನ ನಾದಿನಿಗೆ ನಲ್ಲಿ ಬೇಕಿತ್ತು. ಗಂಡ ಹಾಸಿಗೆ ಹಿಡಿದಿದ್ದಾನೆ. ಅವನ ಹೊದಿಕೆ ಒಗೆಯಲು ಮೂರನೇ ಮಹಡಿಗೆ ಬಿಂದಿಗೆ ಹೊತ್ತು ಹೊತ್ತು ಅವಳ ಮಂಡಿ ಸವೆದಿದೆ. ಕಚೇರಿಗೆ ಅವಳ ಜೊತೆ ನಾನೂ ಹೋದೆ.

"ತಾತ್ಕಾಲಿಕ ಎರಡು ಖಾಲಿ ಬಿಟ್ಟಿದ್ದೀರಲ್ಲ ತಾಯಿ?" ಎಂದರು ಗುಮಾಸ್ತರು.

"ಅದು ಏನು ಅಂತ ಹೇಳಿಬಿಡಿ ಸ್ವಾಮಿ, ಬರೀತೀನಿ" ಎಂದಳು ನಾದಿನಿ.

"ಏನು ಅಂತ ಹೇಳೋದು ನಮ್ಮ ವಿಭಾಗಕ್ಕೆ ಬರಲ್ಲ. ಖಾಲಿ ಇರಬಾರದು ಅನ್ನೋದು ಮಾತ್ರ ನಮ್ಮದು."

ನಾನು ಸುಮ್ಮನಿರಬೇಕಿತ್ತು. "ಹೋಗ್ಲಿ, ತಾತ್ಕಾಲಿಕ ಒಂದು ಎಲ್ಲಿ?" ಎಂದುಬಿಟ್ಟೆ.

ಗುಮಾಸ್ತರು ಬೆವರಿದರು. ಒಳಗೆ ಹೋಗಿ ಮುಖ್ಯ ಇಂಜಿನಿಯರರನ್ನು ಕರೆತಂದರು. ಅವರು ನನಗೆ ಕೈಮುಗಿದರು. "ಇಷ್ಟು ದಿನ ಯಾರಿಗೂ ಹೊಳೆದಿರಲಿಲ್ಲ ಅಮ್ಮ."

ಮರುದಿನ ಪ್ರಕಟಣೆ ಹೊರಬಿತ್ತು: 'ತಾತ್ಕಾಲಿಕ ಎರಡನ್ನು ಸಲ್ಲಿಸುವವರು ಮೊದಲು ತಾತ್ಕಾಲಿಕ ಒಂದನ್ನು ಸಲ್ಲಿಸತಕ್ಕದ್ದು.'

"ನಿಮ್ಮ ಬಾಯಿಗೊಂದು ಬೀಗ ಇಲ್ವಲ್ಲ ಅತ್ತಿಗೆ!" ಎಂದಳು ನಾದಿನಿ, ಬಿಂದಿಗೆ ಇಳಿಸುತ್ತಾ.

ಮೊಮ್ಮಗಳು ನಕ್ಕಳು. "ಬರೆದವರು ಆಮೇಲೆ ಅಳಿಸೋಣ ಅಂತ ಬಾಯಿಗೆ ಬಂದ ಹೆಸರು ಇಟ್ಟು ಮರೆತಿದ್ದಾರೆ, ಅಷ್ಟೆ ಅಜ್ಜಿ. ಅದನ್ನ ತೆಗೆದು ಪ್ರೋಗ್ರಾಂ ಮತ್ತೆ ತಯಾರಿಸಿದ್ರೆ ಮುಗೀತು."

ಹೋಗಿ ಇದನ್ನೇ ಹೇಳಿದಾಗ ಕಚೇರಿ ತಕ್ಷಣ ಒಪ್ಪಿತು. ಮತ್ತೆ ತಯಾರಿಸಲು ಅರ್ಜಿ ಕೊಡಿ ಎಂದಿತು. ಆ ಅರ್ಜಿಯಲ್ಲೂ ತಾತ್ಕಾಲಿಕ ಎರಡು ಇತ್ತು.

ಅಷ್ಟರಲ್ಲಿ ಜನ ಹೊಂದಿಕೊಂಡಿದ್ದರು. ಎದುರಿನ ಜೆರಾಕ್ಸ್ ಅಂಗಡಿಯವನು ಒಂದನ್ನೂ ಎರಡನ್ನೂ ಮೊಹರು ಸಮೇತ ಮಾಡಿಕೊಡತೊಡಗಿದ. ಹೆಣ್ಣು ನೋಡಲು ಹೋದವರು "ನಮ್ಮ ಹುಡುಗನಿಗೆ ಎರಡೂ ಆಗಿದೆ" ಎಂದು ಎದೆಯುಬ್ಬಿಸಿ ಹೇಳಿದರು. ನಾದಿನಿಯೂ ಮಾಡಿಸಿದಳು.

ಅವಳ ಮನೆಗೆ ನಲ್ಲಿ ಬಂತು. ತಿರುಗಿಸಿದರೆ ಬರೀ ಗಾಳಿ.

ಇಂಜಿನಿಯರು ಸ್ವತಃ ಮಹಡಿ ಹತ್ತಿ ಬಂದು ಪರಿಶೀಲಿಸಿದರು. "ನಿಮ್ಮ ದೂರು ನ್ಯಾಯವಾದದ್ದೇ. ಆದ್ರೆ ನೀರು ಅನ್ನೋ ಖಾನೆಯೇ ಪ್ರೋಗ್ರಾಂನಲ್ಲಿ ಇಲ್ಲ. ಇಲ್ಲದ್ದನ್ನ ಬಿಡೋದು ಹೇಗೆ? ಸೇರಿಸಬೇಕು ಅಂದ್ರೆ ಹೆಸರು ಸೂಚಿಸಿ ಬರೆದುಕೊಡಿ. ಈಗಿರೋ ಕ್ರಮ ಮಾತ್ರ ಕೆಡಬಾರದು."

ನಾದಿನಿ ಗಂಡನ ಹೊದಿಕೆ ನೋಡಿದಳು, ಬಿಂದಿಗೆ ನೋಡಿದಳು. "ಕ್ರಮ ಕೆಡೋದು ಬೇಡ ಅತ್ತಿಗೆ."

ನಾನು ಮೊಮ್ಮಗಳನ್ನು ಕರೆದೆ. "ನೀನೇ ಬರಿ ಮಗಳೇ. ನಮಗೆ ಬೇಕಾದ್ದು ನೀರು. ಖಾನೆಯ ಹೆಸರು, ತಾತ್ಕಾಲಿಕ ಮೂರು."