ನಾಲ್ಕು ರಾಜ್ಯ, ಒಂದೇ ಅಡುಗೆಮನೆ

ನಮ್ಮ ಮನೆಯಲ್ಲಿ ಭಾನುವಾರ ಬಂತೆಂದರೆ ಯಾವುದಾದರೂ ಒಂದು ರಾಜ್ಯ ಮುಳುಗುತ್ತದೆ, ಇಲ್ಲವೇ ಯಾರಾದರೂ ಒಬ್ಬರು ಏನನ್ನಾದರೂ ಕಂಡುಹಿಡಿಯುತ್ತಾರೆ. ನಗರಗೆರೆಯಂಥ ಊರಲ್ಲಿ, ಹೊಲ ಮನೆ ನೋಡಿಕೊಂಡಿರುವ ಕುಟುಂಬದಲ್ಲಿ, ಇದೆಲ್ಲ ಹೇಗೆ ಶುರುವಾಯಿತು ಅಂತ ಕೇಳಿದರೆ ಒಬ್ಬರ ಮೇಲೊಬ್ಬರು ಬೆರಳು ತೋರಿಸುತ್ತೇವೆ.

ನಿಜ ಹೇಳಬೇಕೆಂದರೆ ಶುರು ಮಾಡಿದ್ದು ನಮ್ಮೆಜಮಾನ್ರು. ಅವರಿಗೆ ಕರೆಂಟ್ ಆಫೀಸಿನಲ್ಲಿ ಕೆಲಸ. ಒಂದು ದಿನ ಕಂಪ್ಯೂಟರನ್ನು ಟಿವಿಗೆ ಸಿಕ್ಕಿಸಿ, "ಅಪ್ಪ, ಇದು ಚೌಕಾಬಾರ ಇದ್ದ ಹಾಗೆ, ಒಬ್ಬರಾದ ಮೇಲೆ ಒಬ್ಬರು ಆಡೋದು. ಕಾಯಿ ಬದಲು ರಾಜ್ಯ" ಅಂದರು. ಮೊದಲು ಒಂದು ಹಳ್ಳಿ, ನಾಲ್ಕು ಜನ. ಒಂದೊಂದು ಸರದಿಗೂ ಏನಾದರೂ ಬಿತ್ತಬೇಕು, ಕಟ್ಟಬೇಕು, ಕಲಿಯಬೇಕು. ಕಲಿಯುವುದರಲ್ಲಿ ಹಿಂದೆ ಬಿದ್ದವರ ಕಥೆ ಮುಗಿದ ಹಾಗೆ. ಎಲ್ಲರಿಗಿಂತ ಮೊದಲು ಆಕಾಶಕ್ಕೆ ರಾಕೆಟ್ ಬಿಟ್ಟವರು ಗೆದ್ದಂತೆ. ಮಾವ, ಯಜಮಾನರು, ನಾನು ಕೂತೆವು. ನಾಲ್ಕನೇ ಜಾಗ ಖಾಲಿ ಇರಬಾರದು ಅಂತ ಅತ್ತೆಯ ಹೆಸರು ಸೇರಿಸಿದರು. ಒಬ್ಬರು ಆಡುವಾಗ ಉಳಿದವರು ನೋಡಬಾರದು ಅನ್ನೋದು ನಿಯಮ. ಹೀಗಾಗಿ ಭಾನುವಾರ ನಮ್ಮ ಮನೆಗೆ ಬಂದವರಿಗೆ ಇಬ್ಬರು ಗೋಡೆ ಕಡೆ ಮುಖ ಮಾಡಿ ಕೂತಿರುವುದು ಕಾಣಿಸುತ್ತದೆ.

ಚಕ್ರ

ಮಾವನ ಮೊದಲ ಸರದಿಯಲ್ಲೇ ಏನು ಕಲಿಯುತ್ತೀರಿ ಅಂತ ಆಟ ಕೇಳಿತು. ಅವರು ಚಕ್ರ ಒತ್ತಿದರು. ಅದಕ್ಕೆ ಹತ್ತು ಸರದಿ ಬೇಕು ಅಂತ ಬಂತು.

"ಇದೇನಪ್ಪ, ಚಕ್ರಕ್ಕೆ ಹತ್ತು ಸರದಿನಾ? ನಮ್ಮೂರ ಆಚಾರಿ ಒಂದು ವಾರದಲ್ಲಿ ಮಾಡಿಕೊಡ್ತಿದ್ದ" ಅಂದರು.

"ಅಪ್ಪ, ಅವನಿಗೆ ಚಕ್ರ ಅಂದರೇನು ಅಂತ ಗೊತ್ತಿತ್ತು. ನಿಮ್ಮ ಜನಕ್ಕೆ ಇನ್ನೂ ಗೊತ್ತಿಲ್ಲ" ಅಂದರು ಯಜಮಾನರು.

ಮಾವ ಆಟ ಅಲ್ಲೇ ಬಿಟ್ಟು ಎದ್ದು ಹೋದರು. ಬೇಜಾರಾಯಿತೇನೋ ಅಂತ ನಾನು ಹಿಂದೆಯೇ ಹೋದೆ. ಅಂಗಳದಲ್ಲಿ ನಿಂತಿದ್ದ ಟ್ರ್ಯಾಕ್ಟರಿನ ಹಿಂದಿನ ಗಾಲಿ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ಎಷ್ಟು ವರ್ಷದಿಂದ ಅದನ್ನು ಓಡಿಸಿದವರೋ, ಆವತ್ತು ಮೊದಲ ಸಲ ನೋಡುವವರ ಹಾಗೆ ನೋಡುತ್ತಿದ್ದರು.

"ಅಲ್ಲಮ್ಮ, ಇದು ಇಲ್ಲದೇ ಇದ್ದ ಒಂದು ಕಾಲ ಇತ್ತಲ್ಲ. ಯಾವನೋ ಒಬ್ಬ ಮಹಾನುಭಾವ ಒಂದು ಕಡೆ ಕೂತು ಯೋಚನೆ ಮಾಡಿದಾನೆ. ಅವನಿಗೆ ತೋರಿಸಿಕೊಟ್ಟೋರು ಯಾರೂ ಇರಲಿಲ್ಲ. ಹೆಂಗೆ ಹೊಳೀತು ಅಂತೀಯ?"

ನನಗೂ ಮೈ ಜುಮ್ಮೆಂದಿತು. ಶಾಲೆಯಲ್ಲಿ ಸಮಾಜ ಪಾಠ ಮಾಡುವವಳು ನಾನು. ಚಕ್ರದ ಶೋಧನೆ ಅಂತ ಒಂದೇ ಸಾಲಲ್ಲಿ ಓದಿಸಿ ಮುಂದೆ ಹೋಗಿಬಿಡುತ್ತೇನೆ. ಇಬ್ಬರೂ ಸ್ವಲ್ಪ ಹೊತ್ತು ಗಾಲಿಯನ್ನು ನೋಡುತ್ತಾ ನಿಂತೆವು.

"ಆ ಮನುಷ್ಯ ದಿನಗಟ್ಟಲೆ ಕಲ್ಲು ಉರುಳಿಸ್ತಾ ಕೂತಿರ್ತಾನೆ. ಅವನ ಹೆಂಡತಿ ಏನಂದಿರ್ತಾಳೋ" ಅಂದರು ಮಾವ.

ಅಡುಗೆಮನೆ ಕಿಟಕಿಯಿಂದ ಅತ್ತೆಯ ದನಿ ಬಂತು: "ಇನ್ನೇನಂತಾಳೆ, ಸೌದೆ ತಂದ್ರಾ ಅಂದಿರ್ತಾಳೆ."

ಕರೆಂಟ್

ಯಜಮಾನರ ರಾಜ್ಯದಲ್ಲಿ ಓದು ಬರಹಕ್ಕೆ ಬೆಲೆ ಇರಲಿಲ್ಲ. ಇದ್ದ ಕಾಳೆಲ್ಲ ಕುದುರೆಗೆ, ಇದ್ದ ಕಬ್ಬಿಣವೆಲ್ಲ ಕತ್ತಿಗೆ. ಹೀಗಿರುವಾಗ ಒಂದು ಭಾನುವಾರ ಮಾವ ಎಲ್ಲರಿಗಿಂತ ಮೊದಲು ವಿದ್ಯುತ್ ಕಂಡುಹಿಡಿದುಬಿಟ್ಟರು. ಅವರ ಒಂದೊಂದು ಊರಲ್ಲೂ ಸಣ್ಣ ಸಣ್ಣ ದೀಪ ಹತ್ತಿಕೊಂಡವು. ಮಾವ ನಿಯಮ ಮರೆತು ನಮ್ಮನ್ನೆಲ್ಲ ಕರೆದು ತೋರಿಸಿದರು.

"ನಾನು ಚಿಕ್ಕೋನಿದ್ದಾಗ ಈ ಮನೆಗೆ ಕರೆಂಟ್ ಬಂತಲ್ಲ, ಆವತ್ತೂ ಹಿಂಗೇ ನಿಂತು ನೋಡಿದ್ದೆ. ಬುಡ್ಡಿ ಆರಿಸೋದಾ ಬೇಡವಾ ಅಂತ ನಮ್ಮಮ್ಮನಿಗೆ ಗೊತ್ತಾಗದೆ ಎರಡನ್ನೂ ಉರಿಸಿದ್ಲು" ಅಂದರು.

ನಾವೆಲ್ಲ ಆ ದೀಪಗಳನ್ನೇ ನೋಡುತ್ತಿದ್ದೆವು. ಯಜಮಾನರ ಮುಖ ಮಾತ್ರ ಸಣ್ಣಗಾಗಿತ್ತು. ಊರೂರಿಗೆ ಕರೆಂಟ್ ಕೊಡುವ ಮನುಷ್ಯ, ಆಟದಲ್ಲಿ ಪಂಜು ಹಿಡಿದು ಓಡಾಡುತ್ತಿದ್ದರು. ತಮ್ಮ ಸರದಿ ಬಂದ ತಕ್ಷಣ ಕುದುರೆ ಕತ್ತಿ ಎಲ್ಲ ನಿಲ್ಲಿಸಿ ವಿದ್ಯುತ್ ಕಲಿಯಲು ಒತ್ತಿದರು. ಅಷ್ಟರಲ್ಲಿ ಫೋನ್ ಬಂತು. ಸ್ಪೀಕರ್ ಹಾಕಿ ಪಕ್ಕದಲ್ಲಿಟ್ಟರು.

"ಸಾರ್, ಅಲೀಪುರದಿಂದ ಮಾತಾಡ್ತಿರೋದು. ನಮ್ಮ ಬೀದೀಲಿ ಕರೆಂಟ್ ಇಲ್ಲ. ಯಾವಾಗ ಬರುತ್ತೆ ಸಾರ್?"

ಯಜಮಾನರು ಪರದೆಯಿಂದ ಕಣ್ಣು ತೆಗೆಯದೆ, "ಇನ್ನೂ ಹದಿನೈದು ಟರ್ನ್ ಬೇಕು" ಅಂದರು.

ಆ ಕಡೆಯಿಂದ, "ಸಾರ್, ಟರ್ನ್ ಅಂದ್ರೆ?"

ಆಗ ಇವರಿಗೆ ಎಚ್ಚರವಾಯಿತು. ಗಂಟಲು ಸರಿಮಾಡಿಕೊಂಡು, "ಲೈನ್‌ಮನ್ ಆಗಲೇ ಹೊರಟಿದ್ದಾರೆ. ದಾರೀಲಿ ತಿರುವು ಜಾಸ್ತಿ ಅಲ್ವಾ, ಅದಕ್ಕೆ ಹೇಳಿದೆ" ಅಂದರು.

ಆ ಮನುಷ್ಯ ಪಾಪ, ಯೋಚನೆ ಮಾಡಿ ಕೇಳಿದ: "ಸಾರ್, ನಮ್ಮೂರಿಗೆ ಬರೋದು ಬಿಟ್ಟು ಅವರು ನಂದಿ ಬೆಟ್ಟ ಹತ್ತುತ್ತಾ ಇಲ್ಲ ತಾನೇ?"

ಈಟಿಯವರು

ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ. ಆಟದಲ್ಲಿ ನಾನು ಮೊದಲಿಂದ ಶಾಲೆ, ಗ್ರಂಥಾಲಯ ಕಟ್ಟಿಕೊಂಡು ಬಂದವಳು. ವಿದ್ಯುತ್ತಿನಲ್ಲಿ ಮಾವ ನನ್ನನ್ನು ಹಿಂದೆ ಹಾಕಿದರಲ್ಲ, ಅದನ್ನು ತೀರಿಸಿಕೊಳ್ಳಲು ಯುದ್ಧದ ಟ್ಯಾಂಕ್ ಕಲಿತೆ. ಮಾವನ ರಾಜ್ಯದ ಅಂಚಿನಲ್ಲಿ, ಗುಡ್ಡದ ಮೇಲೆ, ಒಂದು ಸಣ್ಣ ಊರಿತ್ತು. ಅದರ ಕಾವಲಿಗೆ ಆಟದ ಶುರುವಿನಲ್ಲಿ ಅವರು ನಿಲ್ಲಿಸಿ ಮರೆತಿದ್ದ ಈಟಿ ಹಿಡಿದವರ ಒಂದು ಗುಂಪು. ಮೈಮೇಲೆ ನೆಟ್ಟಗೆ ಬಟ್ಟೆಯೂ ಇಲ್ಲ.

ನಾನು ಟ್ಯಾಂಕ್ ನುಗ್ಗಿಸಿದೆ. ಹೊಗೆ ಎದ್ದಿತು, ಸದ್ದಾಯಿತು. ಹೊಗೆ ಇಳಿದಾಗ ಟ್ಯಾಂಕ್ ಇರಲಿಲ್ಲ. ಈಟಿಯವರು ಇದ್ದರು.

ಏನೋ ತಪ್ಪಾಗಿದೆ ಅಂತ ಇನ್ನೊಂದು ಟ್ಯಾಂಕ್ ಕಳಿಸಿದೆ. ಅದೂ ಹೋಯಿತು. ಈಟಿಯವರಲ್ಲಿ ಒಬ್ಬನೇ ಒಬ್ಬ ಉಳಿದಿದ್ದ. ಅವನು ಈಟಿ ಎತ್ತಿ ಕುಣಿಯುತ್ತಿದ್ದ. ನನಗೆ ಸಿಟ್ಟು ಬರಲಿಲ್ಲ, ಕೈ ಮುಗಿಯಬೇಕು ಅನ್ನಿಸಿತು. ನಿಯಮ ಬಿಟ್ಟು ಮಾವನನ್ನು ಕರೆದು ಅವನನ್ನು ತೋರಿಸಿದೆ.

ಮಾವ ಕನ್ನಡಕ ಹಾಕಿಕೊಂಡು ಅವನನ್ನು ಬಹಳ ಹೊತ್ತು ನೋಡಿದರು. "ಇವನು ಇಲ್ಲಿದ್ದಾನೆ ಅಂತಲೇ ನನಗೆ ಗೊತ್ತಿರಲಿಲ್ಲ ಕಣಮ್ಮ. ಪಾಪ, ಇಷ್ಟು ಕಾಲ ಒಬ್ಬರೂ ವಿಚಾರಿಸಿಕೊಂಡಿಲ್ಲ. ಮೊದಲು ಅವನನ್ನ ಕೆಳಗಿಳಿಸಿ ಊಟಕ್ಕೆ ಕಳಿಸಣ" ಅಂದರು.

ಮಾರನೇ ದಿನ ಗೌರಿಬಿದನೂರಿನ ಶಾಲೆಯಲ್ಲಿ ಪಾಠವಿತ್ತು. ಹೊಸ ಆಯುಧಗಳ ಮುಂದೆ ಹಳೆಯ ಸೈನ್ಯಗಳು ಏಕೆ ಸೋತವು ಅನ್ನುವ ಪಾಠ. ಕಾರಣಗಳನ್ನು ಬೋರ್ಡಿನ ಮೇಲೆ ಬರೆದೆ. ಬರೆದು ತಿರುಗಿ, ನನಗೇ ಗೊತ್ತಿಲ್ಲದ ಹಾಗೆ, "ಗುಡ್ಡದ ಮೇಲಿದ್ದವರನ್ನು ಬಿಟ್ಟು" ಅಂದೆ. ಇಡೀ ತರಗತಿ ಅದನ್ನೂ ಬರೆದುಕೊಂಡಿತು. ಪರೀಕ್ಷೆಯಲ್ಲಿ ಎಲ್ಲರೂ ಅದನ್ನೇ ಬರೆದಿದ್ದರು. ನಾನು ಅಂಕ ಕೊಡಲೇಬೇಕಾಯಿತು.

ಅತ್ತೆ

ಆಟ ಕೊನೆಗೆ ಬರುವ ಹೊತ್ತಿಗೆ ಅದು ಆಟವಾಗಿ ಉಳಿದಿರಲಿಲ್ಲ. ಬೋರ್‌ವೆಲ್ ಪಕ್ಕದ ಹಳೇ ದ್ರಾಕ್ಷಿ ಚಪ್ಪರವನ್ನು ಏನು ಮಾಡುವುದು ಅಂತ ಅಪ್ಪ ಮಗನಿಗೆ ಜಗಳ ನಡೆದಿತ್ತು. ಅದನ್ನು ಕಿತ್ತು ಗುಲಾಬಿ ಹಾಕಬೇಕು ಅಂತ ಮಗ, ಒಂದು ಬಳ್ಳಿಯನ್ನೂ ಮುಟ್ಟಬಾರದು ಅಂತ ಅಪ್ಪ. ಮಾತು ಬೆಳೆದು ಇಬ್ಬರೂ ಬೇರೆ ಬೇರೆ ಹೊತ್ತಿಗೆ ಊಟಕ್ಕೆ ಕೂರತೊಡಗಿದರು. ಕೊನೆಗೆ ಮಾವನೇ, "ಆಟದಲ್ಲಿ ಗೆದ್ದೋರು ಹೇಳಿದ ಹಾಗೆ" ಅಂದುಬಿಟ್ಟರು.

ಆಮೇಲೆ ಮೂವರೂ ಉಸಿರು ಬಿಗಿಹಿಡಿದು ಆಡಿದೆವು. ಯಾರು ಏನು ಕಲಿತರು ಅನ್ನೋದು ಗುಟ್ಟು. ಅತ್ತೆಯನ್ನು ಮಾತ್ರ ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಅವರು ಸೆರಗಿಗೆ ಕೈ ಒರೆಸಿಕೊಂಡು ಬರುವರು, ಎರಡು ಸಲ ಒತ್ತುವರು, "ನಂದು ಆಯ್ತು" ಅಂತ ಒಳಗೆ ಹೋಗುವರು.

ಆ ಭಾನುವಾರವೂ ಹಾಗೇ ಬಂದು ಒತ್ತಿದರು. ಟಿವಿ ತುಂಬ ಬೆಂಕಿ, ಹೊಗೆ. ಅದರೊಳಗಿಂದ ಬೆಳ್ಳಗೆ ಒಂದು ರಾಕೆಟ್ ಮೇಲೆದ್ದು ಹೋಯಿತು. ಗೋಡೆ ಕಡೆ ಮುಖ ಮಾಡಿದ್ದ ನಾವು ಸದ್ದು ಕೇಳಿ ತಿರುಗಿದೆವು. ಭೂಮಿ ಕೆಳಗೆ ಚಿಕ್ಕದಾಗುತ್ತಾ, ನೀಲಿ ಗೋಲಿಯ ಹಾಗೆ ಆಯಿತು.

ಯಜಮಾನರು ಅತ್ತೆಯ ರಾಜ್ಯವನ್ನು ತೆರೆದು ನೋಡಿದರು. ಚಕ್ರದಿಂದ ರಾಕೆಟ್‌ವರೆಗೆ ಎಲ್ಲ ವಿದ್ಯೆಯೂ ಇತ್ತು. ಅವರು ಸ್ವಂತ ಕಂಡುಹಿಡಿದದ್ದು ಒಂದೂ ಇರಲಿಲ್ಲ.

ಆಗ ಒಂದೊಂದಾಗಿ ಹೊರಬಂತು. ಆಟದಲ್ಲಿ ಒಂದು ವಿದ್ಯೆ ಕೊಟ್ಟು ಇನ್ನೊಂದು ಪಡೆಯಬಹುದು. ನಾವು ಹಟಕ್ಕೆ ಬಿದ್ದು ಒಬ್ಬರಿಗೊಬ್ಬರು ಕೊಟ್ಟಿರಲಿಲ್ಲ. ಅತ್ತೆ ನನ್ನ ಜೊತೆ ಅವರೆಕಾಯಿ ಸುಲಿಯುತ್ತಾ, "ನಿನ್ನ ಹತ್ರ ಕಾಗದ ಮಾಡೋದು ಇದೆಯಂತಲ್ಲಮ್ಮ, ಕೊಟ್ಟಿರು, ಕಬ್ಬಿಣ ಕೊಡ್ತೀನಿ" ಅಂದಿದ್ದರು. ಕರಿಬೇವು ಕೇಳಿದಷ್ಟೇ ಸಲೀಸಾಗಿ. ನಾನು ಕೊಟ್ಟಿದ್ದೆ. ಆ ಕಬ್ಬಿಣ ಮಗನದು, ಅವರ ಕುದುರೆಗೆ ಕಾಳು ಕೊಟ್ಟು ತಗೊಂಡದ್ದು. ನನ್ನ ಕಾಗದ ಮಾವನಿಗೆ ಹೋಗಿ, ಅಲ್ಲಿಂದ ಬೇರೆ ಏನೋ ಬಂದಿತ್ತು. ಮಾವನ ವಿದ್ಯುತ್ತನ್ನು ಮುದ್ದೆ ಬಡಿಸುವಾಗ ಕೇಳಿ ತಗೊಂಡಿದ್ದರು. ಕಲಿಯಲು ನಾವು ಸುರಿದಷ್ಟನ್ನು ಅವರು ತಮ್ಮ ಕಣಜದಲ್ಲಿ ಉಳಿಸಿ, ಕೊನೆಗೆ ಅಷ್ಟನ್ನೂ ರಾಕೆಟ್ಟಿಗೆ ಹಾಕಿದ್ದರು.

"ಒಂದನ್ನೂ ಕಂಡುಹಿಡೀಲಿಲ್ಲವಲ್ಲೇ ನೀನು" ಅಂದರು ಮಾವ. ಬೈಗುಳದ ದನಿಯಲ್ಲ ಅದು, ದೊಡ್ಡವರ ಮುಂದೆ ನಿಂತಾಗ ಬರುವ ದನಿ.

"ನಾನ್ಯಾಕೆ ಕಂಡುಹಿಡೀಲಿ? ಮನೇಲಿ ಮೂರು ಜನ ಬೇರೆ ಕೆಲಸ ಬಿಟ್ಟು ಅದನ್ನೇ ಮಾಡ್ತಿದ್ರಲ್ಲ" ಅಂದರು ಅತ್ತೆ. ಅವರ ತವರು ಮುರುಗಮಲ್ಲದ ಕಡೆ. ಗಟ್ಟಿ ಮಾತು ಹೇಳುವಾಗ ತೆಲುಗು ಬಂದುಬಿಡುತ್ತದೆ: "ಇಚ್ಚಿ ಪುಚ್ಚುಕೋವಾಲಪ್ಪಾ. ಕೊಟ್ಟು ತಗೋಬೇಕು. ಅಷ್ಟೇ." ಚಪ್ಪರದ ತೀರ್ಮಾನವನ್ನೂ ನಿಂತಲ್ಲೇ ಕೊಟ್ಟರು. ಅರ್ಧ ದ್ರಾಕ್ಷಿ ಇರಲಿ, ಅರ್ಧ ಗುಲಾಬಿ ಬರಲಿ, ಇನ್ನು ಮೇಲೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರಬೇಕು. ಅಪ್ಪ ಮಗ ಇಬ್ಬರೂ ತಲೆಯಾಡಿಸಿದರು.

ಪರದೆಯ ಮೇಲೆ ರಾಕೆಟ್ ಇನ್ನೂ ಹೋಗುತ್ತಲೇ ಇತ್ತು. ಅತ್ತೆ ಅದನ್ನು ನೋಡುತ್ತಾ ಕೇಳಿದರು: "ಇದು ಎಲ್ಲಿಗೆ ಹೋಗುತ್ತೋ?"

"ಬೇರೆ ನಕ್ಷತ್ರಕ್ಕಮ್ಮ" ಅಂದರು ಯಜಮಾನರು. "ಅಲ್ಲಿ ಹೊಸ ಭೂಮಿ ಇರುತ್ತೆ."

"ಅಲ್ಲಿ ಏನೇನಿದೆ?"

"ಏನೂ ಇಲ್ಲ. ಮನೆ ಇಲ್ಲ, ಒಲೆ ಇಲ್ಲ. ಎಲ್ಲ ಮೊದಲಿಂದ ಶುರು ಮಾಡಬೇಕು."

ಅತ್ತೆ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆ ಕಡೆ ತಿರುಗಿ ಹೇಳಿದರು: "ಹಂಗಾದ್ರೆ ನೀವು ಮೂರು ಜನ ಮುಂದೆ ಹೋಗಿರಿ. ಎಲ್ಲ ಕಂಡುಹಿಡಿದಾದ ಮೇಲೆ ಒಂದು ಫೋನ್ ಮಾಡಿ, ನಾನು ಬರ್ತೀನಿ."