ಕುಲಪತಿ ಚಿಕ್ಕಮ್ಮನಿಗೆ ಧಿಕ್ಕಾರ

ಹೆತ್ತ ತಾಯಿಯ ಸ್ವಂತ ತಂಗಿಗೆ, ಹಾಡಹಗಲಲ್ಲಿ, ನೂರಾರು ಜನರ ನಡುವೆ ನಿಂತು ‘ಧಿಕ್ಕಾರ’ ಕೂಗಿದ ಮನುಷ್ಯನನ್ನು ನೀವು ನೋಡಿದ್ದೀರಾ? ನೋಡಿಲ್ಲವೆಂದರೆ ವನಗೂರಿನ ಕಡೆ ಬನ್ನಿ. ಒಂದೂವರೆ ಎಕರೆ ಕಾಫಿ, ಒಂದು ಹಳೇ ಜೀಪು, ಬೋಳಾಗುತ್ತಿರುವ ಒಂದು ತಲೆ, ಇಷ್ಟನ್ನು ಇಟ್ಟುಕೊಂಡು ಅಲ್ಲೇ ಇದ್ದೇನೆ. ನಾನು ಧಿಕ್ಕಾರ ಕೂಗಿದ ದಿನ ಆ ತಂಗಿ ಒಂದು ಸರ್ಕಾರಿ ವಿಶ್ವವಿದ್ಯಾಲಯದ ಕುಲಪತಿ. ಕುಲಪತಿಗಳನ್ನು ಏಕವಚನದಲ್ಲಿ ಬರೆಯಬಾರದೆಂದು ನನಗೂ ಗೊತ್ತು. ಆದರೆ ಜಗತ್ತಿಗೆ ಕುಲಪತಿಯಾಗುವ ಎಷ್ಟೋ ವರ್ಷ ಮೊದಲೇ ಅವಳು ನನಗೆ ಚಿಕ್ಕಮ್ಮ. ಸೀನಿಯಾರಿಟಿ ನೋಡಿದರೆ ನನ್ನ ಹಕ್ಕೇ ಹೆಚ್ಚು!

ಚಿಕ್ಕಮ್ಮನಿಗೆ ಇದ್ದ ಹುಚ್ಚು ಒಂದೇ, ಪಾಚಿ. ನಾವೆಲ್ಲ ಜಾರಿ ಬೀಳುವ ಪಾಚಿಯ ಮೇಲೆ ಅವಳು ಸಂಶೋಧನೆ ಮಾಡಿ ಡಾಕ್ಟರಾದಳು. ಅದಕ್ಕಾಗಿ ಘಟ್ಟದ ನಡುವಿನ ಎಡಕುಮೇರಿ ಸ್ಟೇಷನ್ನಿನಲ್ಲಿ ರೈಲು ಇಳಿಯುತ್ತಿದ್ದಳು. ಸುತ್ತ ಕಾಡು ಬಿಟ್ಟರೆ ಏನಿದೆ ಅಲ್ಲಿ? ಒಮ್ಮೆ ಪ್ಲಾಟ್‌ಫಾರ್ಮಿನ ಗೋಡೆಗೆ ಮೂಗು ತಾಗಿಸಿಕೊಂಡು ಕೂತವಳು ಬಂದ ರೈಲನ್ನೂ ಹತ್ತಲಿಲ್ಲ, ಅದರ ಹಿಂದೆ ಬಂದ ರೈಲನ್ನೂ ಹತ್ತಲಿಲ್ಲ. ಒಂಟಿ ಹುಡುಗಿ ಯಾವುದೋ ದುಃಖದಲ್ಲಿ ಇಲ್ಲಿಗೆ ಬಂದಿದ್ದಾಳೆ ಎಂದು ಹೆದರಿದ ಸ್ಟೇಷನ್ನಿನವರು ಹಳಿ ನೋಡಿಕೊಳ್ಳುವ ಒಬ್ಬ ಹಿರಿಯ ಕೆಲಸಗಾರನ ಕೈಯಲ್ಲಿ ಟೀ ಕೊಟ್ಟು ಕಳಿಸಿದರು. ಅವನು ಬುದ್ಧಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಇವಳು ಅವನ ಕಣ್ಣಿಗೆ ತನ್ನ ಭೂತಗನ್ನಡಿ ಹಿಡಿದಳಂತೆ. ಆಮೇಲೆ ಸ್ಟೇಷನ್ನಿನವರು ಅವನನ್ನು ಹುಡುಕಿಕೊಂಡು ಬರಬೇಕಾಯಿತು. ಇಬ್ಬರೂ ಅಕ್ಕಪಕ್ಕ ಕುಕ್ಕರುಗಾಲಲ್ಲಿ ಕೂತು ಗೋಡೆ ನೋಡುತ್ತಿದ್ದರು; ಟೀ ತಣ್ಣಗಾಗಿತ್ತು.

ಇಂಥವಳು ಉಪನ್ಯಾಸಕಿಯಾಗಿ, ಪ್ರೊಫೆಸರಾಗಿ, ಕೊನೆಗೊಂದು ದಿನ ಕುಲಪತಿಯಾದಳೆಂದು ಪೇಪರಿನಲ್ಲಿ ಫೋಟೋ ಬಂದಾಗ ನಮ್ಮಮ್ಮ ಅದನ್ನು ಬಹಳ ಹೊತ್ತು ನೋಡಿದಳು. ಕುಲಪತಿ ಎಂದರೆ ಹೆಡ್‌ಮಾಸ್ಟರಿಗಿಂತ ದೊಡ್ಡದೋ ಚಿಕ್ಕದೋ ಎಂದು ಕೇಳಿದಳು. ದೊಡ್ಡದು ಎಂದೆ. “ಹಂಗಾದ್ರೆ ತಲೆ ಬಾಚ್ಕೊಂಡು ಫೋಟೋ ತೆಗೆಸ್ಕೋಬೇಕಿತ್ತು” ಎಂದಳು.

ಮೊದಲ ದಿನವೇ ವಿಶ್ವವಿದ್ಯಾಲಯಕ್ಕೆ ಅವಳ ಪರಿಚಯವಾಯಿತು. ಕಳಿಸಿದ ಕಾರನ್ನು ಬಿಟ್ಟು ಬೆಳಿಗ್ಗೆ ಆರೂವರೆಗೆ ಸಿಟಿ ಬಸ್ಸಿನಲ್ಲಿ ಬಂದು ಗೇಟಿನಲ್ಲಿ ಇಳಿದಳು. ಕಾವಲುಗಾರ ತಡೆದ. ಇವಳು ತಾನು ಯಾರೆಂದು ಹೇಳಲಿಲ್ಲ. ನಿಯಮ ಚೆನ್ನಾಗಿದೆ ಎಂದು ಹೊಗಳಿ ಸಂದರ್ಶಕರ ಪುಸ್ತಕ ಕೇಳಿದಳು. ಹೆಸರು ಬರೆದಳು. ‘ಬಂದ ಉದ್ದೇಶ’ ಎಂಬಲ್ಲಿ ‘ಕೆಲಸ’ ಎಂದು ಬರೆದಳು. ‘ಯಾರನ್ನು ನೋಡಬೇಕು’ ಎಂಬಲ್ಲಿ ‘ಎಲ್ಲರನ್ನೂ’ ಎಂದು ಬರೆದು ಸಹಿ ಹಾಕಿದಳು. ಆ ಪುಟವನ್ನು ಕಾವಲುಗಾರ ಇವತ್ತಿಗೂ ಪ್ಲಾಸ್ಟಿಕ್ ಹಾಕಿಸಿ ಇಟ್ಟುಕೊಂಡಿದ್ದಾನೆ.

ಎಲ್ಲರೂ ಅವಳು ಮೊದಲು ಗ್ರಂಥಾಲಯ ನೋಡುತ್ತಾಳೆ ಎಂದುಕೊಂಡಿದ್ದರು. ಅವಳು ಹೋದದ್ದು ಹುಡುಗಿಯರ ಹಾಸ್ಟೆಲಿನ ಶೌಚಾಲಯಕ್ಕೆ! ಮೂಗು ಮುಚ್ಚಿಕೊಂಡು ಹೊರಗೆ ಬಂದವಳು ಯಾರನ್ನೂ ಬೈಯಲಿಲ್ಲ. ಅಧಿಕಾರಿಗಳ ಖಾಸಗಿ ಶೌಚಾಲಯಗಳಿಗೆಲ್ಲ, ತನ್ನದನ್ನೂ ಸೇರಿಸಿ, ಬೀಗ ಹಾಕಿಸಿದಳು. ಇನ್ನು ಮೇಲೆ ಕುಲಪತಿಯಿಂದ ಹಿಡಿದು ಎಲ್ಲರೂ ವಿದ್ಯಾರ್ಥಿಗಳ ಶೌಚಾಲಯವನ್ನೇ ಬಳಸತಕ್ಕದ್ದು ಎಂದು ಸುತ್ತೋಲೆ ಕಳಿಸಿದಳು. ಎಷ್ಟೋ ವರ್ಷದಿಂದ ಬರದಿದ್ದ ನೀರು ನಾಲ್ಕನೇ ದಿನಕ್ಕೆ ನಲ್ಲಿಯಲ್ಲಿ ಬಂತು. ಏಳನೇ ದಿನಕ್ಕೆ ಸೋಪೂ ಬಂತು.

ಊರಿನಲ್ಲಿ ಮಾತ್ರ ಎಲ್ಲರ ಲೆಕ್ಕಾಚಾರ ಬೇರೆಯಿತ್ತು. ಕುಲಪತಿ ನಮ್ಮವಳು ಎಂದ ಮೇಲೆ ಸೀಟು, ಮಾರ್ಕು, ಕೆಲಸ ಎಲ್ಲವೂ ನಮ್ಮವೇ ತಾನೆ? ನಮ್ಮ ಕಡೆಯ ಒಬ್ಬ ದೊಡ್ಡ ಎಸ್ಟೇಟಿನ ಯಜಮಾನರು ಮೊಮ್ಮಗಳ ಸೀಟಿಗಾಗಿ ಐದು ಕೇಜಿ ಏಲಕ್ಕಿ ಹೊತ್ತುಕೊಂಡು ಹೋದರು. ಬೇಡವೆಂದರೂ ಮೇಜಿನ ಮೇಲೆ ಇಟ್ಟೇ ಬಂದರು. ವಾರದ ಮೇಲೆ ಅವರಿಗೊಂದು ಪತ್ರ ಬಂತು. ಮೊಮ್ಮಗಳ ಹೆಸರು ಪಟ್ಟಿಯಲ್ಲಿ ಇಲ್ಲವೆಂದೂ, ಏಲಕ್ಕಿಯನ್ನು ಹಾಸ್ಟೆಲಿನ ಟೀಗೆ ಹಾಕಲಾಗಿದೆಯೆಂದೂ, ಟೀ ಬಹಳ ರುಚಿಯಾಗಿತ್ತೆಂದೂ ಅದರಲ್ಲಿತ್ತು. ಕೆಳಗೆ ವಿದ್ಯಾರ್ಥಿನಿಯರ ಸಹಿಗಳೇ ಎರಡು ಪುಟ! ಯಜಮಾನರು ಸಿಟ್ಟಾಗಬೇಕೋ ಸಂತೋಷಪಡಬೇಕೋ ತಿಳಿಯದೆ ಪತ್ರವನ್ನು ನನ್ನ ಕೈಯಲ್ಲೇ ಎರಡು ಸಲ ಓದಿಸಿದರು.

ಈಗ ನನ್ನ ಕಥೆ. ನಾನು ಬಿ.ಎ. ಓದಿದವನು, ಆದರೆ ಬಿ.ಎ. ಅಲ್ಲ. ಕೊನೆಯ ವರ್ಷದ ಇಂಗ್ಲಿಷ್ ಪೇಪರು ಮೂರು ಸಲ ಕಟ್ಟಿ ಮೂರು ಸಲವೂ ಬಿದ್ದು, ಇಂಗ್ಲಿಷಿಗೂ ನನಗೂ ಋಣವಿಲ್ಲವೆಂದು ಜೀಪಿನ ಸ್ಟೇರಿಂಗ್ ಹಿಡಿದು ಇಪ್ಪತ್ತೆರಡು ವರ್ಷವಾಗಿತ್ತು. ಚಿಕ್ಕಮ್ಮ ಕುಲಪತಿಯಾದ ಎರಡನೇ ವರ್ಷ, ಹಳೆಯ ಪೇಪರು ಉಳಿಸಿಕೊಂಡವರಿಗೆಲ್ಲ ಕೊನೆಯ ಅವಕಾಶ ಎಂದು ವಿಶ್ವವಿದ್ಯಾಲಯ ಪ್ರಕಟಿಸಿತು. ನಾನು ಫೋನು ಮಾಡಿ, ಇದು ನನಗೋಸ್ಕರವೇ ಮಾಡಿದ್ದಲ್ಲವೇ ಎಂದು ಗುಟ್ಟಾಗಿ ಕೇಳಿದೆ.

“ನಿನ್ನಂಥೋರು ಸಾವಿರಾರು ಜನ ಅವ್ರೆ ಕಣೋ. ನೀನೇನ್ ಅಂಥ ಅಪರೂಪದೋನಲ್ಲ. ಓದ್ಕೊಂಡು ಬರಿ” ಎಂದು ಇಟ್ಟುಬಿಟ್ಟಳು.

ಓದಿದೆ. ಎಸ್ಟೇಟುಗಳಿಗೆ ಜನರನ್ನು ಬಿಟ್ಟು ಕಾಯುವ ಹೊತ್ತಿನಲ್ಲೆಲ್ಲ ಸ್ಟೇರಿಂಗಿನ ಮೇಲೆ ಗ್ರಾಮರ್ ಪುಸ್ತಕ. ನನ್ನ ಜೀಪಿನಲ್ಲಿ ಕೆಲಸಕ್ಕೆ ಬರುತ್ತಿದ್ದ ಹೆಂಗಸರಿಗೂ ಆಕ್ಟಿವ್ ವಾಯ್ಸು, ಪ್ಯಾಸಿವ್ ವಾಯ್ಸು ಕಿವಿಗೆ ಬಿದ್ದು ಬಿದ್ದು ಬಾಯಿಪಾಠವಾಯಿತು. ಪರೀಕ್ಷೆಯ ದಿನ ಸಕಲೇಶಪುರದ ಕೇಂದ್ರದಲ್ಲಿ ನಾನು ಕೋಣೆಯೊಳಗೆ ಕಾಲಿಟ್ಟರೆ ಇಡೀ ಕೋಣೆ ಎದ್ದು ನಿಂತಿತು. ನಕಲು ಹಿಡಿಯುವ ಸ್ಕ್ವಾಡಿನವನೆಂದು ತಿಳಿದು ಒಬ್ಬ ತನ್ನ ಚೀಟಿಯನ್ನು ನುಂಗಿಯೇಬಿಟ್ಟ. ನಾನು ಹೋಗಿ ಅವನ ಪಕ್ಕದಲ್ಲೇ ಕೂತಾಗ ಅವನ ಮುಖ ನೋಡಬೇಕಿತ್ತು!

ಆದರೆ ಬರೆದೆ ನೋಡಿ. ರೈಲು ಪ್ರಯಾಣದ ಬಗ್ಗೆ ಪ್ರಬಂಧ ಕೇಳಿದ್ದರು. ಘಟ್ಟ ಇಳಿಯುವ ರೈಲಿನ ಮೇಲೆ ಎರಡೂವರೆ ಪುಟ, ನಿಲ್ಲಿಸದೆ ಬರೆದೆ. ಹೊರಗೆ ಬಂದಾಗ ಹೇಮಾವತಿಯ ಮೇಲಿನ ಗಾಳಿಯೂ ಇಂಗ್ಲಿಷಿನಲ್ಲಿ ಬೀಸುತ್ತಿರುವಂತೆ ಅನ್ನಿಸಿತು. ಈ ಸಲ ಪಾಸು, ಅನುಮಾನವೇ ಇಲ್ಲ.

ಮೂರನೇ ದಿನ ಬಾಳ್ಳುಪೇಟೆಯಲ್ಲಿ ಜೀಪಿಗೆ ಪಂಚರ್ ಹಾಕಿಸುತ್ತಿದ್ದಾಗ ಸುದ್ದಿ ಬಂತು. ದೂರದ ಯಾವುದೋ ಕೇಂದ್ರದಿಂದ ಪ್ರಶ್ನೆಪತ್ರಿಕೆ ಹಿಂದಿನ ದಿನವೇ ಹೊರಬಿದ್ದು ಊರೂರಿನ ಫೋನುಗಳಲ್ಲಿ ಓಡಾಡಿತ್ತು. ಆ ಒಂದು ಕೇಂದ್ರಕ್ಕೆ ಮಾತ್ರ ಮರುಪರೀಕ್ಷೆ ಮಾಡಿ ಸುಮ್ಮನಾಗಿ ಎಂದು ಚಿಕ್ಕಮ್ಮನಿಗೆ ಮೇಲಿನಿಂದಲೂ ಪಕ್ಕದಿಂದಲೂ ಸಲಹೆ ಬಂತಂತೆ. ಅವಳು ಇಡೀ ಪರೀಕ್ಷೆಯನ್ನೇ ರದ್ದು ಮಾಡಿದ್ದಳು. ಎಂದರೆ ನನ್ನ ಎರಡೂವರೆ ಪುಟ ರೈಲನ್ನೂ!

ನನಗೆ ಬಂದ ಸಿಟ್ಟು ಹೇಳತೀರದು. ಮಾರನೆಯ ದಿನ ಸಕಲೇಶಪುರದ ಹುಡುಗರು ಬಸ್ಸು ಮಾಡಿಕೊಂಡು ವಿಶ್ವವಿದ್ಯಾಲಯಕ್ಕೆ ಮುತ್ತಿಗೆ ಹಾಕಲು ಹೊರಟಾಗ ನಾನೂ ಹತ್ತಿ ಕೂತೆ. ಸಂಬಂಧ ಯಾರಿಗೂ ಹೇಳಲಿಲ್ಲ. ಅಲ್ಲಿ ಆಡಳಿತ ಭವನದ ಮುಂದೆ ನೂರಾರು ಜನ. ಕುಲಪತಿಗೆ ಧಿಕ್ಕಾರ ಎಂದು ಮುಂದಿನವರು ಕೂಗಿದರು. ನಾನೂ ಕೂಗಿದೆ. ಜೀಪು ಓಡಿಸುವವನ ಗಂಟಲು. ಸ್ವಲ್ಪ ಜೋರಾಗಿಯೇ ಬಂತು.

ಪೊಲೀಸರನ್ನು ಕರೆಸಿರಲಿಲ್ಲ. ಬಾಗಿಲು ತೆರೆದು ಅವಳೊಬ್ಬಳೇ ಬಂದು ಮೆಟ್ಟಿಲ ಮೇಲೆ ಕೂತಳು. ಬಿಸಿಲಿಗೆ ಸೆರಗನ್ನು ತಲೆಗೆ ಹಾಕಿಕೊಂಡಳು, ಥೇಟ್ ಕಾಫಿ ಕೊಯ್ಯುವ ಹೆಂಗಸಿನ ಹಾಗೆ. ಒಬ್ಬೊಬ್ಬರಾಗಿ ಮಾತಾಡಿ, ಕೇಳುತ್ತೇನೆ ಎಂದಳು. ಎರಡು ಗಂಟೆ ಕೇಳಿದಳು. ಬೈಗುಳವನ್ನೂ ಕೇಳಿದಳು. ಒಂದೊಂದನ್ನೂ ನೋಟ್‌ಪುಸ್ತಕದಲ್ಲಿ ಬರೆದುಕೊಂಡಳು. ಆಮೇಲೆ ತಲೆಯೆತ್ತಿ ನಾನು ನಿಂತಿದ್ದ ಕಡೆಗೆ ಬೆರಳು ತೋರಿಸಿದಳು.

“ಹಿಂದೆ ನಿಂತಿದ್ದೀರಲ್ಲ, ನೀಲಿ ಅಂಗಿಯವರು. ಮುಂದೆ ಬನ್ನಿ. ನಿಮ್ಮ ಸಮಸ್ಯೆ ಏನು ಹೇಳಿ.”

ನೀಲಿ ಅಂಗಿ ನನ್ನದು. ಮುಖದಲ್ಲಿ ಒಂದೆಳೆ ಪರಿಚಯವಿಲ್ಲ! ಹುಡುಗರು ದಾರಿ ಬಿಟ್ಟರು. ಹೋಗಿ ನಿಂತೆ.

“ಇಪ್ಪತ್ತೆರಡು ವರ್ಷ ಆದ್ಮೇಲೆ ಬರ್ದಿದ್ದೆ ಮೇಡಂ. ಚೆನ್ನಾಗೇ ಬರ್ದಿದ್ದೆ. ಅದುನ್ನ ತೆಗ್ದು ಹಾಕ್ಬುಟ್ರಿ. ನಾನೇನ್ ತಪ್ ಮಾಡಿದ್ದೆ?” ಎಂದೆ. ನಾಟಕವಲ್ಲ, ನಿಜವಾಗಿಯೂ ಕೇಳಿದ್ದು.

ಅವಳು ಎದ್ದು ನಿಂತಳು.

“ನೀವೇನೂ ತಪ್ಪು ಮಾಡಿಲ್ಲ. ಇಲ್ಲಿ ನಿಂತಿರೋ ಹೆಚ್ಚಿನವರೂ ಮಾಡಿಲ್ಲ. ಪ್ರಶ್ನೆಪತ್ರಿಕೆ ಕಾಯೋದು ನನ್ನ ಕೆಲಸ. ನಾನು ಕಾಯ್ಲಿಲ್ಲ. ತಪ್ಪು ನಂದು, ಅದನ್ನ ಮೇಲಿನವರಿಗೆ ಬರೆದು ಕೊಟ್ಟಿದೀನಿ. ಆದ್ರೆ ಇದೇ ಪರೀಕ್ಷೇಲಿ ನೀವು ಪಾಸಾದ್ರೆ, ಪ್ರಾಮಾಣಿಕವಾಗಿ ಪಾಸಾದ್ರಿ ಅಂತ ಯಾರು ನಂಬ್ತಾರೆ? ನಿಮ್ಮ ಮನೆಯೋರಾದ್ರೂ ನಂಬ್ತಾರಾ?”

ಕುಲಪತಿಯ ಅಕ್ಕನ ಮಗ, ಮೂರು ಸಲ ಬಿದ್ದವನು, ಸೋರಿಹೋದ ಪರೀಕ್ಷೆಯಲ್ಲಿ ಒಮ್ಮೆಲೇ ಪಾಸು! ನಮ್ಮಮ್ಮನೇ ಮೊದಲು ನಗುತ್ತಿದ್ದಳು. ಇಲ್ಲ ಮೇಡಂ ಎಂದು ತಲೆ ತಗ್ಗಿಸಿದೆ. ಮೂರು ವಾರದೊಳಗೆ ಮತ್ತೆ ಪರೀಕ್ಷೆ, ಅಲ್ಲಿಯವರೆಗೆ ಎಲ್ಲ ಕಾಲೇಜುಗಳಲ್ಲೂ ಪಾಠ ಎಂದು ಅವಳು ಅಲ್ಲೇ ಹೇಳಿದಳು. ಆಮೇಲೆ, ದೂರದಿಂದ ಬಂದಿದ್ದೀರಿ, ಊಟ ಮಾಡಿಕೊಂಡು ಹೋಗಿ ಎಂದಳು. ಧಿಕ್ಕಾರ ಕೂಗಲು ಹೋದ ನಾವು ಹಾಸ್ಟೆಲಿನಲ್ಲಿ ಮುದ್ದೆ, ಹುರುಳಿ ಸಾರು ಉಂಡೆವು. ಅಲ್ಲಿಯ ನಿಯಮದಂತೆ ತಟ್ಟೆಯನ್ನೂ ನಾವೇ ತೊಳೆದಿಟ್ಟೆವು. ಜಗತ್ತಿನಲ್ಲಿ ಯಾವ ಮುತ್ತಿಗೆಯಾದರೂ ಹೀಗೆ ಮುಗಿದಿದೆಯೇ?

ಪತ್ರಿಕೆ ಸೋರಿದ್ದು ಯಾರಿಂದ ಎಂದು ಅವಳು ಹೆಸರು ಸಮೇತ ಸರ್ಕಾರಕ್ಕೆ ವರದಿ ಕಳಿಸಿದಳು. ಅದರಲ್ಲಿ ದೊಡ್ಡವರ ಕಡೆಯವರೂ ಇದ್ದರು. ಇನ್ನೊಂದು ಅವಧಿಯೂ ಅವಳಿಗೇ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು, ಬರಲಿಲ್ಲ. ಅವಧಿ ಮುಗಿದ ದಿನ ಅವಳು ಎರಡು ಚೀಲ ಹಿಡಿದು ಬಸ್ಸಿನಲ್ಲಿ ಆಲೂರಿಗೆ ಬಂದಿಳಿದು, ಒಂದು ಪುಟ್ಟ ಬಾಡಿಗೆ ಮನೆ ಮಾಡಿದಳು. ನಷ್ಟವಾಯಿತೆಂದು ನಾವೆಲ್ಲ ಪೇಚಾಡಿದರೆ, ಇನ್ನು ಪಾಚಿಗೆ ಪೂರ್ತಿ ಹೊತ್ತು ಸಿಗುತ್ತದೆ ಎಂದಳು.

ನಾನು ಮರುಪರೀಕ್ಷೆ ಬರೆದೆ. ರೈಲು ಕೇಳಲಿಲ್ಲ. ‘ಸಮಯದ ಮಹತ್ವ’ ಕೇಳಿದರು. ಮೂವತ್ತೈದಕ್ಕೆ ಪಾಸಾಗುವ ಪೇಪರಿನಲ್ಲಿ ನನಗೆ ಮೂವತ್ತೆಂಟು ಬಂತು. ಮೂವತ್ತೆಂಟೂ ನನ್ನವೇ!

ಪದವಿ ಪತ್ರ ಕೈಗೆ ಬರುವ ಹೊತ್ತಿಗೆ ಹೊಸ ಕುಲಪತಿಗಳು ಬಂದಿದ್ದರು. ಅದನ್ನು ತೆಗೆದುಕೊಂಡು ಜೀಪಿನಲ್ಲಿ ಆಲೂರಿಗೆ ಹೋದೆ. ಚಿಕ್ಕಮ್ಮ ಜಗಲಿಯಲ್ಲಿ ಪಾಚಿ ಹಿಡಿದ ಕಲ್ಲುಗಳನ್ನು ಹರಡಿಕೊಂಡು ಕೂತಿದ್ದಳು. ಕೈ ಒರೆಸಿಕೊಂಡು ಪತ್ರವನ್ನು ತೆಗೆದುಕೊಂಡಳು.

ಇದರಲ್ಲಿ ನಿನ್ನ ಸಹಿ ಇಲ್ಲ, ಅದೊಂದೇ ಬೇಜಾರು ಎಂದೆ.

“ನಿನ್ನ ಪರೀಕ್ಷೆಗೆ ನನ್ನ ಸಹಿ ಒಂದ್ಸಲ ಬಿದ್ದೈತಲ್ಲೋ, ರದ್ದು ಅಂತ. ಆವತ್ತು ಪೆನ್ನು ಹಿಡ್ಕೊಂಡು ಎಷ್ಟೊತ್ತು ಕೂತಿದ್ದೆ ಗೊತ್ತಾ? ನೀನು ಜೀಪಲ್ಲಿ ಕೂತ್ಕೊಂಡು ಓದ್ತೀಯ ಅಂತ ನಿಮ್ಮಮ್ಮ ಹೇಳಿದ್ದೇ ಕಣ್ಮುಂದೆ ಬರ್ತಿತ್ತು.”

ಸಾವಿರಗಟ್ಟಲೆ ಪದವಿ ಪತ್ರಗಳಿಗೆ ಸಹಿ ಹಾಕಿದ ಚಿಕ್ಕಮ್ಮ ನನ್ನದನ್ನು ಮೊದಲ ಸಲ ಪದವಿ ಪತ್ರ ನೋಡುವವಳಂತೆ ಮೇಲಿನಿಂದ ಕೆಳಗೆ ಬೆರಳಿಟ್ಟು ಓದಿದಳು. ನನ್ನ ಹೆಸರಿನ ಮೇಲೆ ಬಂದಾಗ ಬೆರಳು ಅಲ್ಲೇ ನಿಂತಿತು. ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ನಮ್ ಮನೇಲಿ ಎರಡ್ನೇದು ಕಣೋ ಇದು” ಎಂದಳು. “ಇಷ್ಟು ವರ್ಷ ನಾನೊಬ್ಬಳೇ ಇದ್ದೆ.”